ಅಪ್ಪ ಅಟ್ಟಕ್ಕೇರಿಸಿದ ಕಾಯಿ

ಸಾವಾದ ಮನೆಯಲ್ಲಿ ನಗು ಬರುವಂಥದ್ದು ಏನೂ ನಡೆಯುವುದಿಲ್ಲ ಅಂತ ನಾನು ತಿಳಿದಿದ್ದೆ. ಅಪ್ಪ ಹೋದ ಮೇಲೆ ಗೊತ್ತಾಯಿತು, ಅಂಥವೆಲ್ಲ ಕಾದಿದ್ದು ಆಗಲೇ ಬರುತ್ತವೆ, ಅದೂ ನಗುವುದಕ್ಕೆ ಮೈಯಲ್ಲಿ ತ್ರಾಣವಿಲ್ಲದ ಹೊತ್ತು ನೋಡಿಕೊಂಡು. ಪ್ರತಿ ಸಲವೂ ನಾನು ಅಮ್ಮನ ಮುಖ ನೋಡುತ್ತಿದ್ದೆ, ಹೊರಗೆ ನಡೆದದ್ದಾದರೆ ಮನೆಗೆ ಬಂದು ಹೇಳಿ ನೋಡುತ್ತಿದ್ದೆ. ಅಮ್ಮ ನಗುತ್ತಿರಲಿಲ್ಲ. ನಾನೂ ನುಂಗಿಕೊಳ್ಳುತ್ತಿದ್ದೆ. ಹೀಗೆ ಹೆಚ್ಚುಕಮ್ಮಿ ಒಂದು ವರ್ಷದ ನಗು ನನ್ನ ಹೊಟ್ಟೆಯಲ್ಲೇ ಉಳಿದಿತ್ತು.

ನಮ್ಮದು ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಹೋಗುವ ದಾರಿಯ ಪಕ್ಕದ ಊರು. ಊರಿಗೆಲ್ಲ ನಮ್ಮದೊಂದೇ ಕ್ರೈಸ್ತರ ಮನೆ. ಭಾನುವಾರ ಪೇಟೆಯ ಸಣ್ಣ ಚರ್ಚಿಗೆ ಹೋಗುತ್ತೇವೆ. ಅಲ್ಲಿಗೂ ಬರುವುದು ಹತ್ತು ಹನ್ನೆರಡು ಮನೆಯವರು. ನಾನು ಅಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಉಳಿದ ದಿನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತುತ್ತೇನೆ. ಅಪ್ಪ ಗೂಡ್ಸ್ ಟೆಂಪೋ ಓಡಿಸುತ್ತಿದ್ದ. ಮನೆ ಹಿಂದೆ ನಮ್ಮದೂ ಒಂದಷ್ಟು ತೆಂಗಿನ ಮರಗಳಿವೆ.

ಕಳೆದ ಕ್ರಿಸ್ಮಸ್ ಮುಗಿದ ವಾರ ಅಪ್ಪ ಬಲಿತ ಕಾಯನ್ನೆಲ್ಲ ಅಟ್ಟಕ್ಕೇರಿಸಿದ. ನಮ್ಮ ಕಡೆ ಕೊಬ್ಬರಿ ಮಾಡುವುದೇ ಹೀಗೆ. ಸಿಪ್ಪೆ ಸಮೇತ ಕಾಯಿ ಬಹುಪಾಲು ವರ್ಷ ಅಟ್ಟದ ಮೇಲೆ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಟಗಟ ಅನ್ನಬೇಕು. ಅವಸರ ಮಾಡುವ ಹಾಗಿಲ್ಲ. ಅಪ್ಪ ಏಣಿ ಇಳಿದು ಕೈ ಕೊಡವಿಕೊಂಡು, "ಇನ್ನು ಕೊಯ್ಲು ಹಬ್ಬದ ಹೊತ್ಗೆ ನೋಡುವಾ" ಅಂದ. ಕೊಯ್ಲು ಹಬ್ಬ ಅಂದರೆ ನವೆಂಬರಿನಲ್ಲಿ ನಮ್ಮ ಚರ್ಚಿನಲ್ಲಿ ಮಾಡುವ ಸುಗ್ಗಿಯ ಹಬ್ಬ. ಸಂಕ್ರಾಂತಿ ಕಳೆದ ಮಾರನೇ ದಿನ ಎದೆನೋವು ಬಂತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿಯಿತು.

ದೇವರು ಕೊಟ್ಟಿದ್ದ, ದೇವರೇ ವಾಪಸ್ ತಗೊಂಡ ಅಂತ ಬಂದವರೆಲ್ಲ ಅಮ್ಮನಿಗೆ ಹೇಳಿ ಹೋದರು. ಅಮ್ಮ ಯಾರಿಗೂ ಉತ್ತರ ಕೊಡಲಿಲ್ಲ. ಚರ್ಚಿಗೆ ಬರುವುದನ್ನು ನಿಲ್ಲಿಸಿದಳು. ಅಟ್ಟ ಹತ್ತಲು ಯಾರನ್ನೂ ಬಿಡಲಿಲ್ಲ. ಕಾಯಿಯ ಹಾಗೇ ಅಮ್ಮನೂ ಒಳಗೊಳಗೇ ಒಣಗುತ್ತಿದ್ದಳು. ಅವಳು ಒಂದೇ ಒಂದು ಭಾನುವಾರ ನನ್ನ ಜೊತೆ ಬಂದರೆ ಸಾಕು ಅನ್ನುವುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ.

ಚೌಕದ ಗುಂಡಿ

ನಗು ಬರುವಂಥದ್ದರಲ್ಲಿ ಮೊದಲನೆಯದು ಅಪ್ಪನನ್ನು ಮಣ್ಣು ಮಾಡಿದ ದಿನವೇ ನಡೆಯಿತು. ನಮ್ಮ ಸ್ಮಶಾನದಲ್ಲಿ ಗುಂಡಿ ತೋಡುವವನು ಮದುವೆಗೆಂದು ಕಡೂರಿಗೆ ಹೋಗಿದ್ದ. ಆಗ ಎದುರು ಮನೆಯ ತಾತ ಬಂದರು. ಅವರು ಲಿಂಗಾಯತರು, ಹಣೆ ತುಂಬ ವಿಭೂತಿ, ಒಂದು ಕಾಲಕ್ಕೆ ಕೊಬ್ಬರಿ ಮಂಡಿ ನಡೆಸಿದವರು. ಅಪ್ಪನನ್ನು ಚಿಕ್ಕ ಹುಡುಗನಾಗಿದ್ದಾಗಿನಿಂದ ನೋಡಿದವರು. "ನಮ್ ಆಳುಗಳ್ನ ಕಳಿಸ್ತೀನಿ. ನೀನು ಅಮ್ಮನ್ನ ನೋಡ್ಕಳಪ್ಪ" ಅಂದರು.

ಆಳುಗಳು ಬೆಳಗಿನಿಂದ ಬೆವರು ಸುರಿಸಿ ಗುಂಡಿ ತೋಡಿದ್ದರು. ನಾವು ಪೆಟ್ಟಿಗೆ ಹೊತ್ತುಕೊಂಡು ಹೋಗಿ ನೋಡಿದರೆ ಗುಂಡಿ ಆಳವಾಗಿದೆ, ಅಂದವಾಗಿದೆ, ಆದರೆ ಚೌಕವಾಗಿದೆ. ಲಿಂಗಾಯತರು ಸತ್ತವರನ್ನು ಕೂರಿಸಿ ಹೂಳುತ್ತಾರೆ. ಆಳುಗಳಿಗೆ ಗೊತ್ತಿದ್ದದ್ದು ಆ ಅಳತೆ. ಆರಡಿ ಪೆಟ್ಟಿಗೆ ಹೊತ್ತುಕೊಂಡು ನಾವು ನಿಂತೆವು. ಆಳುಗಳಲ್ಲಿ ಒಬ್ಬ, "ಇವ್ರು ಮಲಿಕ್ಕಂತಾರೆ ಅಂತ ಯಾರೂ ಹೇಳ್ನಿಲ್ವಲ್ಲ" ಅಂತ ಗೊಣಗಿದ. ಪೆಟ್ಟಿಗೆ ಕೆಳಗಿಳಿಸಿ, ಗುಂಡಿ ಉದ್ದ ಮಾಡಿಸಲು ಶುರುಮಾಡಿದೆವು.

ನಮ್ಮ ಸಭಾಪಾಲಕರು ಹೊಸಬರು, ವಯಸ್ಸೂ ಕಡಿಮೆ. ನಾವು ಅವರನ್ನು ಅಯ್ನೋರು ಅನ್ನುತ್ತೇವೆ. ಸುಮ್ಮನೆ ನಿಲ್ಲಬಾರದು ಅಂತ ಅವರು ಅಲ್ಲೇ ನಾಲ್ಕು ಮಾತು ಹೇಳಿದರು. ಕಡೆಯ ದಿನ ತುತ್ತೂರಿ ಊದುತ್ತದೆ, ಸತ್ತವರೆಲ್ಲ ಎದ್ದು ಬರುತ್ತಾರೆ, ಅದೇ ನಮ್ಮ ನಿರೀಕ್ಷೆ ಅಂದರು. ತಾತ ಕೋಲೂರಿಕೊಂಡು ಗಮನವಿಟ್ಟು ಕೇಳಿದರು.

"ಅಲ್ಲ ಅಯ್ನೋರೇ, ಕೊನೆಗೆ ಎದ್ದೇ ಬರ್ಬೇಕು ಅನ್ನೋದಾದ್ರೆ ಕೂರ್ಸೋದೇ ವಾಸಿ ಅಲ್ವರಾ? ಮಲಗಿಸ್ಬುಟ್ರೆ ನಿದ್ದೆ ಹತ್ತಿಬುಡ್ತದೆ. ಈ ಹುಡುಗ ಬದುಕಿದ್ದಾಗ್ಲೇ ಕರೆದ್ರೆ ಏಳ್ತಿರಲಿಲ್ಲ."

ಅಯ್ನೋರು ಗುಂಡಿಯೊಳಗೆ ನೋಡುತ್ತಾ ನಿಂತರು. ಅವರ ಬೋಧನೆ ಅವತ್ತು ಅಲ್ಲಿಗೇ ಮುಗಿಯಿತು.

ಜನ ಕಮ್ಮಿ ಇರುವ ದೇವರು

ನನ್ನ ನಂಬಿಕೆಯ ಬಗ್ಗೆ ಒಂದೆರಡು ಮಾತು ಹೇಳಬೇಕು. ಹುಟ್ಟಿದ್ದು ಕ್ರೈಸ್ತರ ಮನೆಯಲ್ಲಾದರೂ ನಂಬಿಕೆ ನನ್ನದಾದದ್ದು ಐಟಿಐ ಓದುವಾಗ. ಸತ್ತವರ ಮನೆ ಮುಂದೆ ನಿಂತು ತಾನೂ ಅಳಬಲ್ಲ ದೇವರು ಅನ್ನುವುದು ನನಗೆ ಹಿಡಿಸಿತು. ಅಂಥ ದೇವರ ಹತ್ತಿರ ಮಾತಾಡಬಹುದು ಅನ್ನಿಸಿತು. ಮಾತಾಡುತ್ತಲೂ ಇದ್ದೆ. ಅಪ್ಪನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಹೋಗುವಾಗ ಒಂದನ್ನು ಕೇಳಿದ್ದೆ. ಅದು ಸಿಗಲಿಲ್ಲ. ಆಮೇಲೆ ಹಾಡುತ್ತಿದ್ದೆ, ನುಡಿಸುತ್ತಿದ್ದೆ, ಆದರೆ ಏನನ್ನೂ ಕೇಳುವುದಕ್ಕೆ ಬಾಯಿ ಬರುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಕಂದಿಕೆರೆ ಕಡೆಯ ಒಬ್ಬ ರೈತ ಅಂಗಡಿಗೆ ಬಂದ. ಒಂದೇ ಬೇಸಿಗೆಯಲ್ಲಿ ಅವನ ಬೋರಿನ ಮೋಟರ್ ಮೂರನೇ ಸಲ ಸುಟ್ಟಿತ್ತು. ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತ.

"ನೀನು ಕ್ರಿಶ್ಚಿಯನ್ರ ಹುಡುಗ ಅಂತೆ?"

"ಹೌದಣ್ಣ."

"ಹಂಗಾರೆ ನಿಮ್ ದೇವ್ರಿಗೊಂದು ಮಾತು ಹೇಳು. ನಮ್ ದೇವ್ರುಗಳ ಹತ್ರ ಹೋದ್ರೆ ಜನವೋ ಜನ. ನಿಮ್ಮೋನಿಗೆ ಈ ಸೀಮೇಲಿ ಇರೋದೇ ಹತ್ತು ಮನೆ. ಪಾಪ, ಸುಮ್ನೆ ಕೂತಿರ್ತಾನೆ, ಬೇಗ ಕೇಳ್ತಾನೆ."

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. "ಅಪ್ಪ ತೀರ್ಕೊಂಡ ಮೇಲೆ ನಾನೇನೂ ಕೇಳ್ತಿಲ್ಲ ಅಣ್ಣ."

ಅವನು ಸುರುಳಿ ಬಿಚ್ಚಿದ ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ನಿಂದು ಕೇಳೋಕೆ ಬೇಜಾರು. ಸರಿ. ನಂದು ಕೇಳೋಕೇನು? ನಿಂಗೆ ನನ್ ಮೇಲೇನೂ ಸಿಟ್ಟಿಲ್ವಲ್ಲ."

ಸಂಜೆ ಮೋಟರಿಗೆ ವಾರ್ನಿಶ್ ಹಾಕುವಾಗ, ಎಷ್ಟೋ ತಿಂಗಳ ಮೇಲೆ, ಈ ಮನುಷ್ಯನ ಮೋಟರ್ ಓಡಲಪ್ಪ ಅಂತ ಕೇಳಿದೆ. ಅಪ್ಪ ಹೋದ ಮೇಲೆ ನನ್ನ ಮೊದಲ ಪ್ರಾರ್ಥನೆ, ಅದೂ ಯಾರದೋ ಮೋಟರಿಗೆ.

ವಾರ ಬಿಟ್ಟು ಅವನು ನಾಲ್ಕು ಎಳನೀರು ಹಿಡಿದುಕೊಂಡು ಬಂದ. "ಓಡ್ತಾ ಐತಾ ಅಣ್ಣ?" ಅಂದೆ.

"ಮೋಟ್ರು ಸುರುವಾಗ್ತದೆ, ಅದಕ್ಕೇನೂ ಅನ್ನಂಗಿಲ್ಲ. ಬೋರಲ್ಲೇ ನೀರಿಲ್ಲ."

ನನ್ನ ಮುಖ ಇಳಿದುಹೋಯಿತು. ಅವನು ಹೆಗಲು ತಟ್ಟಿದ. "ನೀನ್ಯಾಕೆ ಸಪ್ಪಗಾಯ್ತೀಯ? ನಿಮ್ ದೇವ್ರಿಗೆ ಮೋಟ್ರ್ ಕೆಲ್ಸ ಬತ್ತದೆ ಅಂತ ಗೊತ್ತಾಯ್ತಲ್ಲ. ನೀರಿನ್ ಕೆಲ್ಸ ನಮ್ಮೋರಿಗೇ ಹೇಳ್ತೀನಿ ಬುಡು."

ಅಳುವ ಹಾಡು

ಅಪ್ಪ ಚರ್ಚಿನಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಒಂದು ಸಾಲು ಹಿಂದೆ ಹಾಡುತ್ತಿದ್ದ. ನಾನು ಮನೆಯಲ್ಲಿ ಕೀಬೋರ್ಡ್ ಮುಟ್ಟಿದರೆ ಅಮ್ಮ ತಡವಾಗಿ ಬರುವ ಅಪ್ಪನ ಆ ಸಾಲಿಗೆ ಕಾಯುತ್ತಾಳೆ ಅಂತ ನನಗೆ ಗೊತ್ತಾಗುತ್ತಿತ್ತು. ಅದಕ್ಕೇ ಕೀಬೋರ್ಡನ್ನು ಅಂಗಡಿಗೆ ಸಾಗಿಸಿದೆ. ಊಟದ ಹೊತ್ತಿನಲ್ಲಿ ಅಲ್ಲೇ ಅಭ್ಯಾಸ ಮಾಡುತ್ತಿದ್ದೆ.

ನಮ್ಮ ಅಂಗಡಿಯ ಮೇಸ್ತ್ರಿಯ ಕಿವಿ ಬಹಳ ಚುರುಕು. ಮೋಟರ್ ಓಡುವ ಸದ್ದಿನಲ್ಲೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳುತ್ತಾನೆ. ಬುತ್ತಿ ತಿನ್ನುತ್ತಾ ಒಂದು ವಾರ ನನ್ನ ಹಾಡು ಕೇಳಿದ. ಆಮೇಲೆ ಕೈ ತೊಳೆದುಕೊಂಡು ಬಂದು, "ಎಲ್ಲಾ ಅಳೋ ಹಾಡೇ ಆಯ್ತಲ್ಲಲೇ. ನಿಮ್ ದೇವ್ರಿಗೆ ನಗೋ ಹಾಡು ಒಂದೂ ಇಲ್ವಾ?" ಅಂದ.

ನನಗೆ ಸ್ವಲ್ಪ ರೋಷ ಬಂತು. ಕ್ರಿಸ್ಮಸ್ಸಿಗೆ ನುಡಿಸುವ, ಮಕ್ಕಳೆಲ್ಲ ಚಪ್ಪಾಳೆ ತಟ್ಟುವ ಒಂದು ಹಾಡನ್ನು ಪೂರ್ತಿ ನುಡಿಸಿದೆ. ಮೇಸ್ತ್ರಿ ಕಣ್ಣು ಮುಚ್ಚಿ ಕೇಳಿದ.

"ಇದೂ ಅದೇ ಕಣ್ಲಾ. ಸ್ವಲ್ಪ ಬೇಗ್ ಬೇಗ ಅಳ್ತಿದ್ದೀಯ, ಅಷ್ಟೇ."

ಮಾವಿನ ಸೀಮೆಯವರು

ಅಮ್ಮ ಚರ್ಚಿಗೆ ಬಾರದೆ ಎಂಟು ತಿಂಗಳು ಕಳೆಯಿತು. ಅಯ್ನೋರು ಒಂದು ಬುಧವಾರ ಬೈಕಿನಲ್ಲಿ ಮನೆಗೇ ಬಂದರು. ಅಮ್ಮ ಕಾಫಿ ಕೊಟ್ಟಳು, ಚಕ್ಕಲಿ ಇಟ್ಟಳು, ಗೋಡೆಗೊರಗಿ ನಿಂತಳು. ಅಯ್ನೋರು ಸಮಾಧಾನದ ಮಾತೆಲ್ಲ ಆಡಿದರು. ಪ್ರಾರ್ಥನೆಗೆ ಕಣ್ಣು ಮುಚ್ಚಿದೆವು. ಅಟ್ಟದ ಮೇಲೆ ಇಲಿಯೊಂದು ಯಾವುದೋ ಕಾಯನ್ನು ಉರುಳಿಸಿತು. ಅಯ್ನೋರು ಆಮೆನ್ ಅಂದು ಮೇಲೆ ನೋಡಿದರು.

ಅಟ್ಟದ ವಿಷಯ ನಾನು ಅವರಿಗೆ ಮೊದಲೇ ಹೇಳಿದ್ದೆ. ಅವರಿಗೆ ಇದೇ ಸರಿಯಾದ ಗಳಿಗೆ ಅನ್ನಿಸಿರಬೇಕು. "ಅಮ್ಮ, ಆ ಕಾಯಿ ಇಳಿಸಿಬಿಡಿ. ಇಟ್ಟುಕೊಂಡಷ್ಟೂ ಭಾರ. ಕೊಟ್ಟುಬಿಟ್ಟರೆ ಮನಸ್ಸು ಹಗುರ ಆಗುತ್ತೆ" ಅಂದರು.

"ಇನ್ನೂ ಒಣಗಿಲ್ಲ" ಅಂದಳು ಅಮ್ಮ. ಅವತ್ತು ಅವಳು ಆಡಿದ ಮೊದಲ ಮಾತು.

ಇಲಿ ಉರುಳಿಸಿದ ಕಾಯಿ ಅಟ್ಟದ ಬಾಯಿಗೆ ಬಂದು ಕೂತಿತ್ತು. ಅಯ್ನೋರು ಉದ್ದ ಮನುಷ್ಯರು. ಎದ್ದು ಕೈ ಚಾಚಿ ಅದನ್ನು ತೆಗೆದುಕೊಂಡು ಅಲ್ಲಾಡಿಸಿದರು. ಒಳಗೆ ಏನೋ ತುಸು ಕದಲಿತು. "ಒಣಗಿದೆಯಲ್ಲಮ್ಮ, ಸದ್ದು ಬರ್ತಿದೆ" ಅಂದರು.

ಅಮ್ಮ ಮುಂದೆ ಬಂದು ಅವರ ಕೈಯಿಂದ ಕಾಯಿ ತೆಗೆದುಕೊಂಡಳು. "ಅಯ್ನೋರೇ, ನಿಮ್ಮೂರು ಯಾವ ಕಡೆ?"

"ಕೋಲಾರದ ಕಡೆ ಅಮ್ಮ."

"ಮಾವಿನಕಾಯಿ ವಿಷ್ಯ ಏನಾದ್ರೂ ಇದ್ರೆ ನಿಮ್ಮನ್ನೇ ಕೇಳ್ತೀನಿ ಬುಡಿ."

ಅಪ್ಪನ ಸಾಕ್ಷಿ

ನವೆಂಬರ್ ಬಂತು. ಕೊಯ್ಲು ಹಬ್ಬಕ್ಕೆ ನಾಲ್ಕು ದಿನ ಇತ್ತು. ಎದುರು ಮನೆ ತಾತ ಜಗಲಿಯ ಮೇಲಿಂದಲೇ ಅಮ್ಮನನ್ನು ಕರೆದರು. "ತಾಯಿ, ಇನ್ನೂ ಬುಟ್ರೆ ಕೊಬ್ರಿ ಕೌಟಾಯ್ತದೆ, ಬಾಯಿಗೆ ಇಕ್ಕಂಗಿರಲ್ಲ. ಆಮೇಲೆ ಏರಿಸಿದೋನ ಕಷ್ಟ ಎಲ್ಲಾ ಮಣ್ಣುಪಾಲು ಕಣಮ್ಮ."

ಅಮ್ಮ ಒಳಗೆ ಬಂದು ಅಕ್ಕಿ ಆರಿಸುತ್ತಾ ಕೂತಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು. ಕೊನೆಗೆ ನನ್ನ ಕಡೆ ನೋಡದೆ, "ಇಳಿಸು" ಅಂದಳು.

ನಾನು ಹತ್ತಿ ಒಂದೊಂದೇ ಕಾಯಿ ಕೊಡುತ್ತಾ ಹೋದೆ, ಅಮ್ಮ ಕೆಳಗೆ ಹಿಡಿದುಕೊಳ್ಳುತ್ತಾ ಹೋದಳು. ಕಡೇ ಸಾಲಿನ ಹಿಂದೆ, ತೊಲೆಯ ಸಂದಿಯಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಬೀಡಿ ಕಟ್ಟೂ ಬೆಂಕಿಪೊಟ್ಟಣವೂ ಸಿಕ್ಕವು. ಕಟ್ಟಿನಲ್ಲಿ ಅರ್ಧ ಖಾಲಿಯಾಗಿತ್ತು. ಅಪ್ಪ ಸಾಯುವುದಕ್ಕೆ ಎರಡು ವರ್ಷ ಮೊದಲು, ದೇವರ ಕೃಪೆಯಿಂದ ಬೀಡಿ ಬಿಟ್ಟೆ ಅಂತ ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅಮ್ಮ ಅವತ್ತು ಸಂತೋಷಕ್ಕೆ ಪಾಯಸ ಮಾಡಿದ್ದಳು.

ಬಚ್ಚಿಡೋಣ ಅಂದುಕೊಂಡೆ. ಅಷ್ಟರಲ್ಲಿ ಕೆಳಗಿಂದ, "ಏನದು?" ಅಂದಳು. ಕೊಟ್ಟೆ. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಮುಖಕ್ಕೆ ತಿಂಗಳುಗಟ್ಟಲೆ ಇಲ್ಲದಿದ್ದ ಬಣ್ಣ ಬಂತು. ಅದು ಸಿಟ್ಟೇ, ಆದರೂ ಬಣ್ಣವೇ.

"ದಿನಾ ಅಟ್ಟ ಹತ್ತಿ ಕಾಯಿ ನೋಡ್ತೀನಿ ಅಂತಿದ್ದ. ಇದಕ್ಕಾ?"

ನಾನು ಏಣಿ ಇಳಿದು ಬಂದೆ.

"ಭಾನುವಾರ ನಾನೂ ಬತ್ತೀನಿ. ಅಲ್ಲೇ ಸಾಕ್ಷಿ ಹೇಳಿದ್ದಲ್ವಾ? ಅಲ್ಲೇ ಬಂದು ದೂರು ಹೇಳ್ತೀನಿ."

ಕೊಯ್ಲು ಹಬ್ಬ

ಕೊಯ್ಲು ಹಬ್ಬದ ದಿನ ನಾವು ಬೆಳೆದದ್ದರಲ್ಲಿ ಒಂದು ಪಾಲು ತಂದು ದೇವರ ಮುಂದೆ ಇಡುತ್ತೇವೆ. ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಬೇರೆ ಊರುಗಳಲ್ಲಿ ಭತ್ತ, ಬಾಳೆಗೊನೆ, ಕುಂಬಳಕಾಯಿ ಎಲ್ಲ ಇರುತ್ತದಂತೆ. ನಮ್ಮಲ್ಲಿ ಎಲ್ಲರೂ ತರುವುದು ತೆಂಗಿನಕಾಯಿ. ಕಾಯಿ ತಂದವರೇ ಕಾಯಿಗೆ ಬೆಲೆ ಕೂಗಬೇಕು. ಅವರ ಮನೆ ಕಾಯಿ ಇವರ ಮನೆಗೆ, ಇವರದು ಅವರಿಗೆ ಹೋಗಿ ಹಬ್ಬ ಮುಗಿಯುತ್ತದೆ.

ಹರಾಜಿಗೆ ಒಂದೇ ಒಂದು ನಿಯಮ: ತಂದವರು ತಮ್ಮದನ್ನೇ ಕೂಗುವ ಹಾಗಿಲ್ಲ. ಇದು ಬಂದದ್ದೇ ಅಪ್ಪನಿಂದ. ಒಂದು ವರ್ಷ ಎಲ್ಲರಿಗಿಂತ ಬೇರೆ ಇರಲಿ ಅಂತ ಅವನು ಮನೆಯ ಹುಂಜ ತಂದಿದ್ದ. ಹರಾಜಿನಲ್ಲಿ ಅದು ಕೂಗಿತು. ಅಪ್ಪನಿಗೆ ಕರುಳು ಚುರ್ ಅಂದು, ತಾನೇ ಬೆಲೆ ಏರಿಸಿ ಏರಿಸಿ ಅದನ್ನು ವಾಪಸ್ ಮನೆಗೆ ತಂದ. ಮಾರನೇ ವರ್ಷದಿಂದ ನಿಯಮವಾಯಿತು.

ಈ ಸಲ ಅಮ್ಮ ಬಂದಳು. ಅಟ್ಟದ ಕಾಯಲ್ಲಿ ಒಂದನ್ನು ತಾನೇ ಸುಲಿದು, ಚಿಪ್ಪು ಒಡೆಯದೆ, ಸೆರಗಿನಲ್ಲಿ ಸುತ್ತಿಕೊಂಡು ತಂದು ಮುಂದೆ ಇಟ್ಟಳು. ಕಡೇ ಬೆಂಚಿನಲ್ಲಿ ಕೂತಳು. ಹಾಡಲಿಲ್ಲ. ನಾನು ನುಡಿಸುತ್ತಾ ನುಡಿಸುತ್ತಾ ಎರಡು ಕಡೆ ತಪ್ಪಿದೆ.

ಹರಾಜು ನಡೆಸುವವರು ನಮ್ಮ ಸಭೆಯ ಹಿರಿಯರು, ಮೊದಲು ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಎಲ್ಲೇ ಹರಾಜು ನಡೆದರೂ ಮನೆಯಲ್ಲಿ ಕೂರಲಾರದ ಎದುರು ಮನೆ ತಾತನೂ ಕೋಲು ಹಿಡಿದು ಬಂದು ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ಉಳಿದ ಕಾಯೆಲ್ಲ ಮುಗಿದ ಮೇಲೆ ಮೇಷ್ಟ್ರು ಅಮ್ಮನ ಕಾಯನ್ನು ಎತ್ತಿದರು. ಅದು ಅಪ್ಪ ಏರಿಸಿದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ ಕಮ್ಮಿ ಕೂಗಲಿಲ್ಲ. ಒಬ್ಬರು ನೂರು ಅಂದರು. ಇನ್ನೊಬ್ಬರು ಇನ್ನೂರು ಅಂದರು. ತಾತ ಕೋಲೆತ್ತಿ ಮುನ್ನೂರು ಅಂದರು. ಎಲ್ಲ ಪ್ರೀತಿಯಿಂದಲೇ. ಆದರೆ ನನಗೆ ಅಮ್ಮನ ಮುಖ ಕಾಣುತ್ತಿತ್ತು. ಪ್ರತಿ ಕೂಗಿಗೂ ಅವಳ ಕೈ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿತ್ತು.

"ಐನೂರು" ಅಂದಳು ಅಮ್ಮ.

ಮೇಷ್ಟ್ರು ಮೆತ್ತಗೆ, "ಅಮ್ಮಾ, ನಿಮ್ಮದನ್ನ ನೀವೇ ಕೂಗೋ ಹಾಗಿಲ್ಲ. ಗೊತ್ತಲ್ಲ ನಿಮಗೆ" ಅಂದರು.

ಅಮ್ಮ ಎದ್ದು ನಿಂತಳು. "ನಂದಲ್ಲ ಮೇಷ್ಟ್ರೇ. ದೇವ್ರಿಗೆ ಕೊಟ್ಟಾಯ್ತು, ಈಗ ಅವನದು. ಅವನ ಹತ್ರ ವಾಪಸ್ ಕೇಳ್ತಾ ಇದೀನಿ. ಕೊಟ್ಟಿದ್ದನ್ನ ವಾಪಸ್ ತಗಳೋದು ಅವನೊಬ್ಬನಿಗೇ ಗೊತ್ತಿರೋದಾ?"

ಬೀಡಿಯ ದೂರಲ್ಲ, ಹತ್ತು ತಿಂಗಳಿಂದ ಅವಳೊಳಗೆ ಇದ್ದದ್ದು ಇದು. ನನ್ನೊಳಗೆ ಇದ್ದದ್ದೂ ಇದೇ, ನನಗೆ ಹೇಳಲು ಧೈರ್ಯ ಇರಲಿಲ್ಲ. ನನಗೆ ಅಳು ಬಂತು, ಹೊರಗೆ ತಂದಿಟ್ಟಿದ್ದ ಕೀಬೋರ್ಡಿನ ವೈರು ಸುತ್ತುವವನ ಹಾಗೆ ಬಗ್ಗಿದೆ. ಅಯ್ನೋರು ಈಗ ಏನಾದರೂ ಬೋಧನೆ ಮಾಡಿದರೆ ಅಮ್ಮ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಅಂತ ಹೆದರಿಕೆಯಾಯಿತು.

ಅಯ್ನೋರು ಮೇಷ್ಟ್ರ ಕೈಯಿಂದ ಕಾಯಿ ತೆಗೆದುಕೊಂಡರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗಟಗಟ ಅನ್ನುವ ಸದ್ದು ಗೇಟಿನವರೆಗೂ ಕೇಳಿತು. ಇನ್ನೊಂದು ಸಲ ಅಲ್ಲಾಡಿಸಿದರು, ಇನ್ನೂ ಜೋರಾಗಿ ಕೇಳಿತು. ಆಮೇಲೆ ಅಮ್ಮನ ಹತ್ತಿರ ನಡೆದು ಹೋಗಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ಬಹಳ ಗಂಭೀರವಾಗಿ ಹೇಳಿದರು:

"ಅಮ್ಮ, ಇದು ಇನ್ನೂ ಒಣಗಿಲ್ಲ. ಹರಾಜಿಗೆ ಬರೋ ಕಾಯಲ್ಲ. ಮನೆಗೆ ತಗೊಂಡು ಹೋಗಿ ಇಟ್ಟಿರಿ. ಮುಂದಿನ ವರ್ಷ ನೋಡೋಣ."

ಹಿಂದಿನಿಂದ ಕುರ್ಚಿ ಸರಿದ ಸದ್ದಾಯಿತು. ಜೀವಮಾನವೆಲ್ಲ ಕೊಬ್ಬರಿ ಮಂಡಿಯಲ್ಲಿ ಕಳೆದ ತಾತನಿಗೆ ಇದನ್ನು ಸಹಿಸುವುದು ಆಗಲಿಲ್ಲ. ಕೋಲೂರಿಕೊಂಡು ಎದ್ದು ನಿಂತಿದ್ದರು. "ಏನ್ ಅಯ್ನೋರೇ ನೀವು? ಒಣಗಿಲ್ಲ ಅಂತೀರಲ್ಲ! ನನ್ ಕಿವುಡು ಕಿವಿಗೇ ಇಲ್ಲಿಗೆ ಕೇಳ್ತು. ಕೊಡ್ರಿ ಇಲ್ಲಿ, ನಾನು ಹೇಳ್ತೀನಿ."

ಅಮ್ಮ ಕಾಯನ್ನು ಎದೆಗವಚಿಕೊಂಡು ಅವರ ಕಡೆ ತಿರುಗಿದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ತುಟಿಯ ತುದಿ ಅದುರುತ್ತಿತ್ತು.

"ನೀವು ಸುಮ್ನೆ ಕೂತ್ಕಳಿ ತಾತ. ನಿಮಗೇನು ಗೊತ್ತು ಕೊಬ್ರಿ ವಿಷ್ಯ? ಅಯ್ನೋರು ಕೋಲಾರದೋರು" ಅಂದವಳೇ ನಕ್ಕುಬಿಟ್ಟಳು.